ಪುಟ್ಟಿಯ ಮೆಡಿಕಲ್ ಸೀಟು

ಇಂಗ್ಲೆಂಡಿನಲ್ಲಿ ಕನ್ನಡದವರು ನಾಲ್ಕು ಜನ ಸೇರಿದರೆ ಅದರಲ್ಲಿ ಇಬ್ಬರು ಡಾಕ್ಟರು, ಒಬ್ಬರು ಸಾಫ್ಟ್‌ವೇರು, ಮಿಕ್ಕವರು ಈ ಮೂವರಲ್ಲಿ ಯಾರನ್ನೋ ಕಟ್ಟಿಕೊಂಡು ಬಂದವರು ಅಂತ ನಮ್ಮಲ್ಲೊಂದು ತಮಾಷೆ ಇದೆ. ನಾನು ಕೊನೆಯ ಪಂಗಡ. ಸಾಫ್ಟ್‌ವೇರಿನವರನ್ನು ಕಟ್ಟಿಕೊಂಡು 2003ರಲ್ಲಿ ಬಂದೆ, ಆಮೇಲೆ ಇಲ್ಲೇ ಒಂದು ಲೆಕ್ಕಪತ್ರದ ಕೋರ್ಸು ಮಾಡಿ, ಸಣ್ಣದೊಂದು ಆಫೀಸಿನಲ್ಲಿ ಬಿಲ್ಲು ಇನ್‌ವಾಯ್ಸು ನೋಡಿಕೊಂಡಿದ್ದೇನೆ. ಯುಗಾದಿಗೋ ದೀಪಾವಳಿಗೋ ಹಾಲ್ ಬಾಡಿಗೆ ಹಿಡಿದು ಎಲ್ಲ ಸೇರಿದಾಗ, ಬಿಸಿಬೇಳೆಬಾತಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವಳಿಗೆ ‘ಮಗಳು ಏನ್ ಓದ್ತಿದಾಳೆ?’ ಅಂತ ಯಾರಾದರೂ ಕೇಳಿ, ನಾನು ‘ಮೆಡಿಸಿನ್‌ಗೆ ಅಪ್ಲೈ ಮಾಡ್ತಿದಾಳೆ’ ಅಂದರೆ ಮುಗೀತು. ಹಪ್ಪಳ ತಟ್ಟೆಗೆ ಬೀಳುವುದರೊಳಗೆ ನಾಲ್ಕು ಸಲಹೆ ಬಿದ್ದಿರುತ್ತವೆ.

ಮೊದಲ ವರ್ಷ ಸೀಟು ಸಿಗಲಿಲ್ಲ, ಎರಡನೇ ವರ್ಷ ಸಿಕ್ಕಿತು. ಹೇಳಬೇಕಾದ ಸುದ್ದಿ ಇಷ್ಟೇ. ಆದರೆ ಇವೆರಡರ ಮಧ್ಯೆ ಒಂದು ವರ್ಷ ಕಳೀತಲ್ಲ, ಅದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ‘ಬರಿ, ಆದ್ರೆ ನನ್ನ ಹೆಸರು ಹಾಕ್ಬೇಡ’ ಅಂತ ಮಗಳ ಅಪ್ಪಣೆಯಾಗಿದೆ. ಹಾಗಾಗಿ ಇಲ್ಲಿ ಅವಳು ಬರೀ ಪುಟ್ಟಿ. ಅವಳ ಅಜ್ಜಿ ಈಗಲೂ ಕರೆಯುವುದು ಹಾಗೇ.

ಮೊದಲು ನನ್ನದೊಂದು ಹಳೇ ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕರ್ನಾಟಕದಲ್ಲಿ ಸಿಇಟಿ ಶುರುವಾಗಿದ್ದು 1994ರಲ್ಲಿ. ನಾನು ಬರೆದದ್ದು 1996ರಲ್ಲಿ. ತೀರ್ಥಹಳ್ಳಿಯಿಂದ ರಾತ್ರಿ ಬಸ್ಸಿಗೆ ಹೊರಟು ಅಪ್ಪ ನನ್ನನ್ನು ಬೆಂಗಳೂರಿಗೆ ಕೌನ್ಸೆಲಿಂಗ್‌ಗೆ ಕರೆದುಕೊಂಡು ಹೋಗಿದ್ದರು. ಅಪ್ಪನ ಕಂಕುಳಲ್ಲಿ ಮಾರ್ಕ್ಸ್‌ಕಾರ್ಡು, ಜಾತಿ ಸರ್ಟಿಫಿಕೇಟು, ಡಿಡಿ ಎಲ್ಲ ಇದ್ದ ಫೈಲು. ನನ್ನ ಸರದಿ ಬರುವಷ್ಟರಲ್ಲಿ ಮೆಡಿಕಲ್ ಸೀಟುಗಳು ಖಾಲಿ. ವಾಪಸ್ ಬರುವಾಗ ಅಪ್ಪ ತುಮಕೂರಿನವರೆಗೂ ಮಾತಾಡಲಿಲ್ಲ. ನಾನು ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ. ಅಳ್ತಾ ಇದೀನಿ ಅಂತ ಅವರು ಅಂದುಕೊಂಡಿದ್ದಿರಬೇಕು, ಆದರೆ ನನಗಾಗಿದ್ದು ನಿರಾಳ. ಡಾಕ್ಟರಾಗುವ ಆಸೆ ನನಗೆ ಯಾವತ್ತೂ ಇರಲಿಲ್ಲ, ಇದ್ದದ್ದು ಅಪ್ಪನಿಗೆ. ನಾನು ಶಿವಮೊಗ್ಗದಲ್ಲಿ ಬಿಎಸ್ಸಿ ಸೇರಿ ಆರಾಮಾಗಿದ್ದೆ.

ಆದ್ದರಿಂದ ಪುಟ್ಟಿ ಹದಿನಾರನೇ ವಯಸ್ಸಿಗೆ ‘ನಾನು ಮೆಡಿಸಿನ್ ಮಾಡ್ತೀನಿ’ ಅಂದಾಗ ಎಲ್ಲರಿಗೂ ಖುಷಿಯಾಯಿತು, ನನಗೆ ಮಾತ್ರ ಅನುಮಾನ ಶುರುವಾಯಿತು. ಇದು ಅವಳ ಆಸೆಯೋ, ಬಿಸಿಬೇಳೆಬಾತಿನ ಸಾಲಿನಲ್ಲಿ ಕೇಳಿಸಿಕೊಂಡದ್ದೋ? ‘ಯಾಕೆ?’ ಅಂತ ಕೇಳಿದರೆ, ‘ಗೊತ್ತಿಲ್ಲಮ್ಮಾ, ಬಯಾಲಜಿ ಇಷ್ಟ, ಜನ ಇಷ್ಟ’ ಅಂದಳು. ಜನ ಇಷ್ಟ ಅಂದವಳು ಮನೆಗೆ ನೆಂಟರು ಬಂದರೆ ರೂಮಿನ ಬಾಗಿಲು ಹಾಕಿಕೊಳ್ಳುವವಳು!

ಇಲ್ಲಿನ ವ್ಯವಸ್ಥೆ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಪಿಯುಸಿ ಮುಗಿಸಿ, ಪರೀಕ್ಷೆ ಬರೆದು, ರ‍್ಯಾಂಕ್ ಬಂದ ಮೇಲೆ ಸೀಟು ಹುಡುಕುವುದು ನಮ್ಮ ಕಡೆಯ ಕ್ರಮ. ಇಲ್ಲಿ ಉಲ್ಟಾ. ಹನ್ನೆರಡನೇ ಕ್ಲಾಸಿಗೆ ಸಮಾನವಾದ ಎ-ಲೆವೆಲ್ ಪರೀಕ್ಷೆ ಬರೆಯುವುದು ಮೇ, ಜೂನ್‌ನಲ್ಲಿ. ಮೆಡಿಸಿನ್‌ಗೆ ಅರ್ಜಿ ಹಾಕಬೇಕಾದದ್ದು ಅದಕ್ಕಿಂತ ಮುಂಚಿನ ಅಕ್ಟೋಬರ್ 15ರೊಳಗೆ. ಬೇರೆ ಕೋರ್ಸುಗಳಿಗಾದರೆ ಜನವರಿವರೆಗೆ ಸಮಯವಿದೆ. ಯೂಕ್ಯಾಸ್ ಅನ್ನುವ ಒಂದೇ ಸಂಸ್ಥೆಯ ಮೂಲಕ ಐದು ಕೋರ್ಸುಗಳಿಗೆ ಅರ್ಜಿ ಹಾಕಬಹುದು, ಅದರಲ್ಲಿ ಮೆಡಿಸಿನ್ ನಾಲ್ಕು ಮಾತ್ರ. ಐದನೆಯದು ಬೇರೆ ಏನಾದರೂ ಇರಬೇಕು, ಸಾಮಾನ್ಯವಾಗಿ ಎಲ್ಲರೂ ಬಯೋಮೆಡಿಕಲ್ ಸೈನ್ಸ್ ಹಾಕುತ್ತಾರೆ. ಶಾಲೆಯ ಟೀಚರು ‘ಇವಳಿಗೆ ಇಷ್ಟಿಷ್ಟು ಬರಬಹುದು’ ಅಂತ ಅಂದಾಜು ಗ್ರೇಡು ಬರೆದು ಕಳಿಸುತ್ತಾರೆ. ಅದರ ಜೊತೆ ಯೂಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ, ತನ್ನ ಬಗ್ಗೆ ತಾನೇ ಬರೆದುಕೊಳ್ಳುವ ಪರ್ಸನಲ್ ಸ್ಟೇಟ್‌ಮೆಂಟು, ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ಕೆಲಸ ಮಾಡಿದ ಅನುಭವ. ಇಷ್ಟೆಲ್ಲ ದಾಟಿದರೆ ಇಂಟರ್‌ವ್ಯೂ. ಅದೂ ದಾಟಿದರೆ ‘ಎ ಎ ಎ ಬಂದರೆ ಸೀಟು ಕೊಡುತ್ತೇವೆ’ ಅನ್ನುವ ಷರತ್ತಿನ ಆಫರು.

ಸೀಟುಗಳ ಸಂಖ್ಯೆಗೆ ಮಿತಿ ಹಾಕುವುದು ಸರ್ಕಾರ. ಯಾಕೆಂದರೆ ಒಬ್ಬ ಡಾಕ್ಟರನ್ನು ತಯಾರು ಮಾಡುವ ಖರ್ಚಿನಲ್ಲಿ ದೊಡ್ಡ ಪಾಲು ಸರ್ಕಾರದ್ದೇ. 2018ರಿಂದ ಮೂರು ವರ್ಷದಲ್ಲಿ ಇಂಗ್ಲೆಂಡಿನಲ್ಲಿ 1,500 ಸೀಟು ಹೆಚ್ಚಿಸಿದರು, ಐದು ಹೊಸ ಮೆಡಿಕಲ್ ಸ್ಕೂಲು ತೆರೆದರು. 2031-32ರ ಹೊತ್ತಿಗೆ ವರ್ಷಕ್ಕೆ 15,000 ಮಾಡುತ್ತೇವೆ ಅಂತ 2023ರ ಜೂನ್‌ನಲ್ಲಿ ದೊಡ್ಡ ಯೋಜನೆಯನ್ನೇ ಪ್ರಕಟಿಸಿದರು. ಪುಟ್ಟಿ ಅರ್ಜಿ ಹಾಕಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಸರ್ಕಾರದ ಸಂಕಲ್ಪಕ್ಕೂ ನಮ್ಮ ಗಡುವಿಗೂ ತಾಳೆಯಾಗಲಿಲ್ಲ ಬಿಡಿ!

ಯೂಕ್ಯಾಟ್ ಬಗ್ಗೆ ಒಂದು ಮಾತು. ಅದರಲ್ಲಿ ಭೌತಶಾಸ್ತ್ರ ರಸಾಯನಶಾಸ್ತ್ರ ಏನೂ ಇಲ್ಲ. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವ ಭಾಗದಲ್ಲಿ ಆಗ 21 ನಿಮಿಷಕ್ಕೆ 44 ಪ್ರಶ್ನೆ ಇದ್ದವು. ಅಂದರೆ ಒಂದು ಪ್ರಶ್ನೆಗೆ ಅರ್ಧ ನಿಮಿಷವೂ ಇರಲಿಲ್ಲ. ಪುಟ್ಟಿ ಜೊತೆ ನಾನೂ ಒಂದು ಭಾನುವಾರ ಕೂತು ನೋಡಿದೆ. ಮೊದಲ ಪ್ಯಾರಾ ಓದಿ ಮುಗಿಸಿ, ‘ಓಹೋ, ಇದು ಜೇನುಹುಳದ ವಿಷಯ’ ಅನ್ನುವಷ್ಟರಲ್ಲಿ ಅವಳು ಮೂರನೇ ಪ್ಯಾರಾದಲ್ಲಿದ್ದಳು. ಆಗ ನಾಲ್ಕು ಭಾಗಗಳ ಅಂಕ ಸೇರಿ ಒಟ್ಟು 3600. ಚೌಕ, ತ್ರಿಕೋನಗಳ ಚಿತ್ರ ನೋಡಿ ಗುಂಪು ಗುರುತಿಸುವ ಭಾಗ ಅವಳಿಗೆ ಯಮಯಾತನೆ. ಅದನ್ನು 2025ರಿಂದ ತೆಗೆದುಹಾಕಿದ್ದಾರೆ, ಈಗ ಮೂರೇ ಭಾಗಗಳ ಅಂಕ ಸೇರಿ 2700. ಮುಂದೆ ಬರೆಯುವ ಮಕ್ಕಳ ಪುಣ್ಯ. ಪರೀಕ್ಷೆ ವರ್ಷಕ್ಕೆ ಒಂದೇ ಸಲ ಬರೆಯಬಹುದು, ಆ ಅಂಕ ಆ ವರ್ಷಕ್ಕೆ ಮಾತ್ರ. 2023ರ ಆಗಸ್ಟಿನಲ್ಲಿ ಪುಟ್ಟಿಗೆ ಬಂದದ್ದು 2480. ಪರೀಕ್ಷೆ ಮುಗಿಸಿ ಎದ್ದ ಕೂಡಲೇ ಅಲ್ಲೇ ಫಲಿತಾಂಶದ ಕಾಗದ ಕೈಗೆ ಕೊಡುತ್ತಾರೆ. ಹೊರಗೆ ಕಾರಿನಲ್ಲಿ ಕಾಯುತ್ತಿದ್ದ ನನಗೆ ಅವಳ ನಡಿಗೆ ನೋಡಿಯೇ ಗೊತ್ತಾಯಿತು.

ಸ್ಟೇಟ್‌ಮೆಂಟ್ ಬರೆಯುವಾಗ ನಮ್ಮ ಮನೆಯಲ್ಲಿ ನಡೆದ ಯುದ್ಧ ಬೇರೆಯದೇ. 4,000 ಅಕ್ಷರ, ಖಾಲಿ ಜಾಗ ಕೂಡ ಲೆಕ್ಕಕ್ಕೆ. (ಈಗ ಅದನ್ನೂ ಬದಲಾಯಿಸಿ ಮೂರು ಪ್ರಶ್ನೆ ಮಾಡಿದ್ದಾರೆ.) ನಮ್ಮವರು ಸಾಫ್ಟ್‌ವೇರಿನವರಲ್ಲವೇ, ಅಕ್ಷರ ಎಣಿಸುವುದಕ್ಕೆ ಉತ್ಸಾಹ. ಬರೆದದ್ದನ್ನು ತಿದ್ದುವುದಕ್ಕೆ ಇನ್ನೂ ಉತ್ಸಾಹ. ‘ಪ್ಯಾಷನ್ ಅನ್ನೋ ಪದ ಒಂದಾದರೂ ಬೇಡ್ವಾ?’ ಅಂತ ಅವರು, ‘ಎಲ್ಲರೂ ಅದನ್ನೇ ಬರೀತಾರಪ್ಪಾ’ ಅಂತ ಅವಳು. ನಾನು ಅಡಿಗೆಮನೆಯಿಂದಲೇ, ‘ರೀ, ಅವಳ ಸ್ಟೇಟ್‌ಮೆಂಟು ಅವಳು ಬರೀಲಿ ಬಿಡಿ’ ಅಂದೆ. ಒಂದು ವಾರ ಹೀಗೇ ನಡೆದು, ಕೊನೆಗೆ ಅವಳು ಲ್ಯಾಪ್‌ಟಾಪಿನ ಪಾಸ್‌ವರ್ಡು ಬದಲಾಯಿಸಿದ ಮೇಲೆ ಮನೆ ತಣ್ಣಗಾಯಿತು.

ನಾಲ್ಕರಲ್ಲಿ ಮೂರು ಕಡೆಯವರು ಇಂಟರ್‌ವ್ಯೂಗೂ ಕರೆಯಲಿಲ್ಲ. ಒಂದು ಕಡೆಯವರು 2024ರ ಜನವರಿಯಲ್ಲಿ ಆನ್‌ಲೈನಿನಲ್ಲಿ ಕರೆದರು. ಇಲ್ಲಿಯ ಇಂಟರ್‌ವ್ಯೂ ಒಂದೇ ಮೇಜಿನ ಮುಂದೆ ಕೂತು ಮುಗಿಯುವಂಥದ್ದಲ್ಲ. ಎಂಎಂಐ ಅಂತಾರೆ, ಆರೋ ಎಂಟೋ ನಿಲ್ದಾಣಗಳು, ಒಂದೊಂದರಲ್ಲಿ ಕೆಲವೇ ನಿಮಿಷ. ಒಂದು ಕಡೆ ‘ಒಂದೇ ಕಿಡ್ನಿ ಇದೆ, ಇಬ್ಬರು ರೋಗಿಗಳಿದ್ದಾರೆ, ಯಾರಿಗೆ ಕೊಡ್ತೀಯ?’ ಅಂತ ಕೇಳಿದರೆ, ಇನ್ನೊಂದು ಕಡೆ ಒಬ್ಬ ನಟನನ್ನು ಕೂರಿಸಿ ‘ಇವರ ಬೆಕ್ಕಿನ ಮೇಲೆ ನಿನ್ನ ಕಾರು ಹರಿದಿದೆ, ಹೋಗಿ ಹೇಳು’ ಅನ್ನುತ್ತಾರೆ. ಈ ಬೆಕ್ಕಿನ ಪ್ರಸಂಗ ಬಹಳ ಹಳೆಯದು, ಪ್ರತಿ ವರ್ಷ ಇಂಗ್ಲೆಂಡಿನ ಮನೆಮನೆಗಳಲ್ಲಿ ಅದೆಷ್ಟು ಬೆಕ್ಕು ಹೀಗೆ ಸಾಯುತ್ತವೋ! ನಮ್ಮನೆಯಲ್ಲಿ ಬೆಕ್ಕು ಕಳೆದುಕೊಂಡ ನೆರೆಮನೆಯವರ ಪಾತ್ರ ನಮ್ಮವರದ್ದು. ಪುಟ್ಟಿ ಒಳಗೆ ಬಂದು, ಕೈ ಕಟ್ಟಿ, ಕಲಿತುಕೊಂಡ ದನಿಯಲ್ಲಿ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿ, ತನಗೆ ಅವರ ದುಃಖ ಅರ್ಥವಾಗುತ್ತದೆ ಅಂತ ಹೇಳಿ, ಮುಂದೆ ಏನು ಮಾಡಬಹುದು ಅಂತ ಮೂರು ಅಂಶ ಹೇಳುತ್ತಿದ್ದಳು. ಎಲ್ಲ ಸರಿಯಾಗಿಯೇ ಇತ್ತು. ಬ್ಯಾಂಕಿನವರು ಸಾಲ ತಿರಸ್ಕರಿಸಿ ಕಳಿಸುವ ಕಾಗದದ ಹಾಗೆ.

ಮಾರ್ಚಿನಲ್ಲಿ ಅದೂ ಬಂತು. ‘ನಿಮ್ಮ ಅರ್ಜಿಯಲ್ಲಿ ಬದಲಾವಣೆಯಾಗಿದೆ’ ಅಂತ ಒಂದು ಈಮೇಲ್. ಲಾಗಿನ್ ಆಗಿ ನೋಡಿದರೆ ಅನ್‌ಸಕ್ಸೆಸ್‌ಫುಲ್ ಅನ್ನುವ ಒಂದೇ ಪದ. ನಾಲ್ಕು ಸಲ ನಾಲ್ಕು ಬಾರಿ ಅದೇ ಪದ. ಅವಳು ಅವತ್ತು ರಾತ್ರಿ ಊಟ ಬೇಡ ಅಂದಳು. ಮೊಸರನ್ನ ಕಲಸಿ ಬಾಗಿಲ ಹೊರಗಿಟ್ಟೆ. ಬೆಳಿಗ್ಗೆ ಬಟ್ಟಲು ಖಾಲಿಯಾಗಿತ್ತು. ಅದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ. ಎರಡು ತಿಂಗಳಿಗೆ ಎ-ಲೆವೆಲ್ ಪರೀಕ್ಷೆ ಇತ್ತು, ಅವಳು ಓದುವ ಮೇಜಿಗೆ ವಾಪಸ್ ಹೋದಳು.

ಇನ್ನು ಸಲಹೆಗಳ ಸುರಿಮಳೆ. ಊರಿಂದ ಅಣ್ಣ ಫೋನ್ ಮಾಡಿ, ‘ಅಲ್ಲಿ ಎಂತಕ್ಕೆ ಒದ್ದಾಡ್ತೀರಿ, ಇಲ್ಲಿ ಎನ್‌ಆರ್‌ಐ ಕೋಟಾದಲ್ಲಿ ಸೇರಿಸಿ ಮಾರಾಯ್ತಿ’ ಅಂದ. ಎನ್‌ಆರ್‌ಐ ಕೋಟಾಕ್ಕೂ ನೀಟ್ ಬರೆಯಲೇಬೇಕು ಅಂತ ನಾನು ಹೇಳಿದೆ. ಜೊತೆಗೆ ಪುಟ್ಟಿಯ ಹತ್ತಿರ ಇರುವುದು ಬ್ರಿಟಿಷ್ ಪಾಸ್‌ಪೋರ್ಟು, ಓಸಿಐ ಕಾರ್ಡು. 2021ರ ಮಾರ್ಚಿನಲ್ಲಿ ಬಂದ ಅಧಿಸೂಚನೆಯ ಪ್ರಕಾರ ಓಸಿಐ ಮಕ್ಕಳು ಎನ್‌ಆರ್‌ಐ ಸೀಟು ಅಥವಾ ಹೆಚ್ಚುವರಿ ಸೀಟುಗಳಿಗೆ ಮಾತ್ರ ಅರ್ಹರು, ಸಾಮಾನ್ಯ ಸೀಟಿಗಲ್ಲ. ಅಲ್ಲಿ ಓದಿ ಬಂದ ಮೇಲೆ ಇಲ್ಲಿ ಕೆಲಸ ಮಾಡಲು ಮತ್ತೆ ಪರೀಕ್ಷೆ. ಅಣ್ಣನ ಮಗನೂ ಆ ವರ್ಷವೇ ನೀಟ್ ಬರೆಯುವವನಿದ್ದ, ಮೇ 5ಕ್ಕೆ. ಬರೆದವರು ಇಪ್ಪತ್ತಮೂರು ಲಕ್ಷಕ್ಕೂ ಹೆಚ್ಚು. ಜೂನ್ 4ಕ್ಕೆ ಫಲಿತಾಂಶ ಬಂದಾಗ 67 ಮಕ್ಕಳಿಗೆ 720ಕ್ಕೆ 720! ಪ್ರಶ್ನೆಪತ್ರಿಕೆ ಸೋರಿಕೆಯ ಗಲಾಟೆ ಸುಪ್ರೀಂ ಕೋರ್ಟಿಗೆ ಹೋಯಿತು. ಅಣ್ಣ ಆಮೇಲೆ ಎನ್‌ಆರ್‌ಐ ಕೋಟಾದ ಮಾತೆತ್ತಲಿಲ್ಲ. ಅವನ ಮಗ ‘ಡ್ರಾಪ್’ ತಗೊಂಡು ಕೋಚಿಂಗ್ ಹಾಸ್ಟೆಲ್ಲು ಸೇರಿದ. ಸಮುದ್ರದ ಆಚೆ ಒಬ್ಬ, ಈಚೆ ಒಬ್ಬಳು, ಇಬ್ಬರಿಗೂ ಹದಿನೆಂಟು, ಇಬ್ಬರೂ ಸೀಟಿಲ್ಲದವರು. ರಾತ್ರಿ ಎಷ್ಟೋ ಹೊತ್ತು ಮೆಸೇಜು ಮಾಡಿಕೊಳ್ಳುತ್ತಿದ್ದರು. ಏನು ಅಂತ ನಾವು ಕೇಳಲಿಲ್ಲ.

ಇಲ್ಲಿಯ ಸ್ನೇಹಿತರು ಬಲ್ಗೇರಿಯಾ ಅಂದರು. ಅಲ್ಲಿ ಇಂಗ್ಲಿಷಿನಲ್ಲೇ ಕಲಿಸುತ್ತಾರೆ, ಇಲ್ಲಿಂದ ಎಷ್ಟೋ ಮಕ್ಕಳು ಹೋಗಿದ್ದಾರೆ. ಇನ್ನೊಬ್ಬರು, ‘ಬಯೋಮೆಡಿಕಲ್ ಸೇರ್ಲಿ, ಆಮೇಲೆ ನಾಲ್ಕು ವರ್ಷದ ಗ್ರಾಜುಯೇಟ್ ಮೆಡಿಸಿನ್ ಮಾಡ್ಲಿ’ ಅಂದರು. ಆ ದಾರಿಯಲ್ಲಿ ಪೈಪೋಟಿ ಇನ್ನೂ ಜಾಸ್ತಿ. ನಮ್ಮ ಪರಿಚಯದ ಒಬ್ಬ ಅರಿವಳಿಕೆ ಡಾಕ್ಟರು ಮಾತ್ರ ಸಲಹೆ ಕೊಡಲಿಲ್ಲ. ಜೂನಿಯರ್ ಡಾಕ್ಟರುಗಳು 2023ರ ಮಾರ್ಚಿನಲ್ಲಿ ಸಂಬಳಕ್ಕಾಗಿ ಶುರು ಮಾಡಿದ ಮುಷ್ಕರ ಆಗಿನ್ನೂ ಬಗೆಹರಿದಿರಲಿಲ್ಲ. (2024ರ ಸೆಪ್ಟೆಂಬರ್‌ನಿಂದ ಅವರನ್ನು ರೆಸಿಡೆಂಟ್ ಡಾಕ್ಟರು ಅಂತ ಕರೆಯಬೇಕು. ನಲವತ್ತಕ್ಕೆ ಹತ್ತಿರವಾದವರನ್ನೂ ಜೂನಿಯರ್ ಅಂದರೆ ಯಾರಿಗೆ ತಾನೆ ಬೇಜಾರಾಗಲ್ಲ?) ಅವರು ಕೇಳಿದ್ದು ಇಷ್ಟೇ: ‘ಮೇಡಂ, ಅವಳಿಗೆ ಬೇಕಾ? ಬೇಕಿದ್ರೆ ಒಂದು ವರ್ಷ ಏನೂ ಅಲ್ಲ. ಬೇಡದಿದ್ರೆ ಈ ಕೆಲಸ ಸಾಯಿಸುತ್ತೆ.’ ಅದನ್ನೇ ಅಲ್ಲವೇ ನಾನೂ ಎರಡು ವರ್ಷದಿಂದ ಕೇಳಿಕೊಳ್ಳುತ್ತಿದ್ದದ್ದು.

ಬಯೋಮೆಡಿಕಲ್ ಸೀಟು ಅವಳ ಕೈಯಲ್ಲಿತ್ತು. ನಮ್ಮವರಿಗೆ ಅವಳು ಅದಕ್ಕೆ ಸೇರಲಿ ಅಂತ, ‘ವರ್ಷ ಸುಮ್ನೆ ಹಾಳಾಗುತ್ತಲ್ಲ’ ಅಂತ. ನಮ್ಮ ಕಡೆಯವರಿಗೆ ವರ್ಷ ಹಾಳಾಗುವುದೆಂದರೆ ಹಾಲು ಒಡೆದ ಹಾಗೆ, ಮತ್ತೆ ಸರಿಯಾಗದ ವಿಷಯ. ನಾನು ಏನೂ ಹೇಳಲಿಲ್ಲ. ಒಂದು ಸಂಜೆ ದೋಸೆ ಹುಯ್ಯುತ್ತಿದ್ದಾಗ ಪುಟ್ಟಿ ಬಂದು ನಿಂತು, ‘ಅಮ್ಮಾ, ನಾನು ಕೇರ್ ಹೋಮಿನಲ್ಲಿ ಕೆಲಸಕ್ಕೆ ಸೇರ್ತೀನಿ. ಇನ್ನೊಂದ್ಸಲ ಅಪ್ಲೈ ಮಾಡ್ತೀನಿ. ಒಂದೇ ಸಲ. ಆಗ್ಲಿಲ್ಲ ಅಂದ್ರೆ ಬಿಡ್ತೀನಿ’ ಅಂದಳು. ‘ಅಪ್ಪನಿಗೆ ನೀನು ಹೇಳು’ ಅಂತಲೂ ಅಂದಳು. ‘ಅದೆಲ್ಲ ಆಗಲ್ಲ, ನೀನೇ ಹೇಳು’ ಅಂದೆ. ಹೇಳಿದಳು. ಅವರು ಎರಡು ದೋಸೆ ತಿನ್ನುವವರೆಗೂ ಸುಮ್ಮನಿದ್ದು, ‘ಅಲ್ಲಿಗೆ ಬಸ್ಸಿದೆಯಾ?’ ಅಂತ ಕೇಳಿದರು. ಅದು ಅವರ ಒಪ್ಪಿಗೆ.

ಆಗಸ್ಟ್ 15ಕ್ಕೆ ಎ-ಲೆವೆಲ್ ಫಲಿತಾಂಶ ಬಂತು, ಮೆಡಿಸಿನ್‌ಗೆ ಬೇಕಾದಷ್ಟು ಗ್ರೇಡೂ ಬಂತು. ಅಷ್ಟು ಹೊತ್ತಿಗೆ ಅವಳು ಕೆಲಸಕ್ಕೆ ಸೇರಿ ಒಂದು ತಿಂಗಳಾಗಿತ್ತು. ಅಲ್ಲಿ ಮುಂಚೆಯೂ ಹೋಗಿ ಗೊತ್ತಿತ್ತು, ಶನಿವಾರ ಶನಿವಾರ ವಾಲಂಟಿಯರ್ ಆಗಿ. ಅದೆಲ್ಲ ಟೀ ಕೊಡುವುದು, ಬಿಂಗೋ ಆಡಿಸುವುದು, ಸ್ಟೇಟ್‌ಮೆಂಟಿನಲ್ಲಿ ಎರಡು ಸಾಲು ಬರೆಯುವುದು. ಈಗ ಸಂಬಳದ ಕೆಲಸ. ಹದಿನೆಂಟರಿಂದ ಇಪ್ಪತ್ತರವರೆಗಿನವರಿಗೆ ಆಗ ಕನಿಷ್ಠ ಕೂಲಿ ಗಂಟೆಗೆ 8 ಪೌಂಡ್ 60 ಪೆನ್ನಿ. ಬೆಳಿಗ್ಗೆ ಏಳೂವರೆಯಿಂದ ರಾತ್ರಿ ಏಳೂವರೆ. ಮಂಚದಿಂದ ಎಬ್ಬಿಸುವುದು, ಹೋಯ್ಸ್ಟ್ ಅನ್ನುವ ಯಂತ್ರದ ಜೋಲಿಯಲ್ಲಿ ಕೂರಿಸಿ ಕುರ್ಚಿಗೆ ಇಳಿಸುವುದು, ಪ್ಯಾಡ್ ಬದಲಾಯಿಸುವುದು, ಮೈ ತೊಳೆಸುವುದು, ನುಂಗಲು ಕಷ್ಟವಾದವರಿಗೆ ನೀರನ್ನೂ ಪುಡಿ ಹಾಕಿ ಗಟ್ಟಿ ಮಾಡಿ ಚಮಚದಲ್ಲಿ ಕುಡಿಸುವುದು. ಮೊದಲ ದಿನ ಮನೆಗೆ ಬಂದವಳು ಶೂಸು ಬಿಚ್ಚದೆ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತಿದ್ದಳು. ಬಿಟ್ಟುಬಿಡುತ್ತಾಳೆ ಅಂದುಕೊಂಡೆ. ಬಿಟ್ಟರೆ ಬಿಡಲಿ, ಆಗಲಾದರೂ ಗೊತ್ತಾಗುತ್ತದಲ್ಲ ಅಂತಲೂ ಅಂದುಕೊಂಡೆ.

ಊರಲ್ಲಿ ನನ್ನ ಅಮ್ಮನಿಗೆ ಈ ವಿಷಯ ಹೇಗೆ ಹೇಳುವುದು? ‘ಆಸ್ಪತ್ರೆ ಥರದ ಕಡೆ ಕೆಲಸ’ ಅಂತ ತೇಲಿಸಿದ್ದೆ. ಪುಟ್ಟಿಯೇ ವಾಟ್ಸಾಪಿನಲ್ಲಿ ತನ್ನ ಹರಕು ಕನ್ನಡದಲ್ಲಿ ಎಲ್ಲ ಹೇಳಿಬಿಟ್ಟಳು. ಮರುದಿನ ಅಮ್ಮನ ಫೋನು. ‘ಅಲ್ಲಾ ಮಾರಾಯ್ತಿ, ಅಷ್ಟು ಓದಿದ ಹುಡುಗಿ ಕೈಲಿ ಕಂಡವರ ಹೇಲು ಉಚ್ಚೆ ಬಳಿಸ್ತೀಯಲ್ಲೇ, ನಿಂಗೆ ಎಂತಾಗಿದೆ?’ ನಾನು ‘ಡಾಕ್ಟರಾದ್ರೂ ಅದೇ ಕೆಲಸ ಅಲ್ವಾ ಅಮ್ಮಾ’ ಅಂದೆ. ‘ಡಾಕ್ಟರು ನೋಡ್ತಾರೆ ಅಷ್ಟೇ. ಬಳಿಯೋರು ಬೇರೆ’ ಅಂದರು. ನಮ್ಮೂರಿನ ಲೆಕ್ಕಾಚಾರ ಅದು, ಯಾರು ನೋಡುವವರು, ಯಾರು ಬಳಿಯುವವರು ಅಂತ ಯಾವತ್ತೋ ತೀರ್ಮಾನವಾಗಿರುತ್ತದೆ. ಫೋನಿನಲ್ಲಿ ಅದನ್ನು ವಾದ ಮಾಡಿ ಗೆಲ್ಲುವಷ್ಟು ತ್ರಾಣ ನನಗಿರಲಿಲ್ಲ. ಎರಡು ವಾರ ಅಮ್ಮ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ಪುಟ್ಟಿ ಜೊತೆ ಮಾತ್ರ ಆಡುತ್ತಿದ್ದರು.

ಪುಟ್ಟಿ ಬಿಡಲಿಲ್ಲ. ನಾವಿರುವುದು ಹಳೇ ಕಲ್ಲಿದ್ದಲ ಗಣಿಗಳ ಸೀಮೆ. ನಾಟಿಂಗ್‌ಹ್ಯಾಮ್‌ಶೈರಿನ ಕೊನೆಯ ಗಣಿ, ಥೋರ್ಸ್‌ಬಿ, ಮುಚ್ಚಿದ್ದು 2015ರಲ್ಲಿ. ಅವಳ ಕೇರ್ ಹೋಮಿನಲ್ಲಿ ಒಬ್ಬ ಮುದುಕರಿದ್ದರು, ಗಣಿಯಲ್ಲಿ ದುಡಿದವರು. ಮರೆವಿನ ಕಾಯಿಲೆ. ಮಗಳ ಹೆಸರು ಮರೆತಿದೆ, ಗಣಿಯೊಳಗಿನ ದಾರಿ ಮರೆತಿಲ್ಲ. ಪುಟ್ಟಿಯನ್ನು ದಿನಾ ಹೊಸಬಳ ಹಾಗೆ ನೋಡಿ ‘ಡಕ್’ ಅಂತ ಕರೆಯುತ್ತಿದ್ದರು. ಈ ಕಡೆ ಎಲ್ಲರೂ ಎಲ್ಲರನ್ನೂ ಪ್ರೀತಿಯಿಂದ ಹಾಗೇ ಕರೆಯುವುದು, ಬಾತುಕೋಳಿ ಅಂತ. ಸ್ನಾನಕ್ಕೆ ಯಾರು ಕರೆದರೂ ಕೈ ಬೀಸಿ ಹೊಡೆಯುತ್ತಿದ್ದರಂತೆ. ಪುಟ್ಟಿ ಒಂದು ದಿನ ‘ಪಾಳಿ ಮುಗೀತು, ಮೈಮೇಲೆಲ್ಲ ಮಸಿ, ತೊಳ್ಕೊಂಡು ಮನೆಗೆ ಹೋಗೋಣ’ ಅಂದಳಂತೆ. ಎದ್ದು ಬಂದರಂತೆ. ಇದನ್ನು ಊಟ ಮಾಡುತ್ತಾ ಸುಮ್ಮನೆ ಹೇಳಿದಳು, ಸಾರಿಗೆ ಉಪ್ಪು ಕಮ್ಮಿ ಅನ್ನುವಷ್ಟೇ ಸಲೀಸಾಗಿ. ನಮ್ಮವರು ತಟ್ಟೆಯಿಂದ ತಲೆಯೆತ್ತಿ ಅವಳನ್ನೇ ನೋಡಿದರು.

ನವೆಂಬರಿನಲ್ಲಿ ಅವರು ತೀರಿಕೊಂಡರು. ಪುಟ್ಟಿಯ ಪಾಳಿಯಲ್ಲೇ. ಹಿರಿಯ ಕೆಲಸದವಳೊಬ್ಬಳು ಬಂದು ಮೊದಲು ಮಾಡಿದ್ದು ಕಿಟಕಿ ತೆರೆದಿದ್ದು. ಜೀವ ಹೊರಗೆ ಹೋಗಲಿ ಅಂತ ಇಲ್ಲಿಯ ಹಳಬರು ಹಾಗೆ ಮಾಡುತ್ತಾರಂತೆ. ಆಮೇಲೆ ಇಬ್ಬರೂ ಸೇರಿ ಮೈ ತೊಳೆಸಿದರಂತೆ, ಬದುಕಿದ್ದಾಗ ಮಾಡುತ್ತಿದ್ದ ಹಾಗೇ, ಈಗ ಎಡಗೈ ಎತ್ತುತ್ತೇವೆ, ಈಗ ಮಗ್ಗುಲು ತಿರುಗಿಸುತ್ತೇವೆ ಅಂತ ಹೇಳುತ್ತಾ. ಆ ರಾತ್ರಿ ಅವಳನ್ನು ಕರೆತರಲು ಕಾರಿನಲ್ಲಿ ಹೋಗಿದ್ದೆ. ದಾರಿಯಲ್ಲಿ ಅತ್ತಳು. ಮನೆ ಹತ್ತಿರ ಬಂದಾಗ ಮೂಗು ಒರೆಸಿಕೊಂಡು, ‘ನಾಳೆ ಏಳೂವರೆಗೆ ಮತ್ತೆ ಶಿಫ್ಟ್ ಇದೆ, ಅಲಾರ್ಮ್ ಇಡು’ ಅಂದಳು. ನನ್ನ ಅನುಮಾನ ಅಲ್ಲಿಗೆ ಮುಗೀತು.

ಈ ಮಧ್ಯೆ ಯೂಕ್ಯಾಟ್ ಮತ್ತೆ ಬರೆದು 2810 ತಗೊಂಡಿದ್ದಳು. ಈ ಸಲ ಅವಳು ಬುದ್ಧಿವಂತಿಕೆ ಮಾಡಿ, ಯಾವ ಯೂನಿವರ್ಸಿಟಿಯವರು ಯೂಕ್ಯಾಟಿಗೆ ಎಷ್ಟು ತೂಕ ಕೊಡುತ್ತಾರೆ, ಯಾರು ಎರಡನೇ ಸಲ ಬಂದವರನ್ನು ತೆಗೆದುಕೊಳ್ಳುತ್ತಾರೆ ಅಂತೆಲ್ಲ ನೋಡಿ ನಾಲ್ಕು ಕಡೆ ಹಾಕಿದಳು. ಅಪ್ಲೈ ಮಾಡುವವರು ಇದನ್ನು ಮಾಡಲೇಬೇಕು. ಒಂದೊಂದು ಕಡೆ ಒಂದೊಂದು ಲೆಕ್ಕ, ಅದೆಲ್ಲ ಅವರವರ ವೆಬ್‌ಸೈಟಿನಲ್ಲೇ ಇರುತ್ತದೆ, ಬಿಸಿಬೇಳೆಬಾತಿನ ಸಾಲಿನಲ್ಲಿ ಸಿಗುವುದಿಲ್ಲ. ಸ್ಟೇಟ್‌ಮೆಂಟನ್ನು ನಮಗೆ ತೋರಿಸಲೇ ಇಲ್ಲ. ನಾವೂ ಕೇಳಲಿಲ್ಲ. ಎರಡು ಕಡೆಯಿಂದ ಇಂಟರ್‌ವ್ಯೂಗೆ ಕರೆ ಬಂತು, 2025ರ ಫೆಬ್ರವರಿಗೆ.

ಜನವರಿಯಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ನಾನು ಮೂರು ವಾರ ರಜೆ ಹಾಕಿ ಓಡಿದೆ. ಮನೆಗೆ ಕರೆತಂದ ಮೇಲೆ ನೋಡಿಕೊಳ್ಳಲು ಹತ್ತಿರದ ಹಳ್ಳಿಯಿಂದ ಒಬ್ಬ ಹೆಂಗಸನ್ನು ಗೊತ್ತು ಮಾಡಿದ್ದರು ಅಣ್ಣ. ಪಾಪದವಳು, ಆದರೆ ಈ ಕೆಲಸ ಅವಳಿಗೆ ಹೊಸದು. ಅಮ್ಮನನ್ನು ಮಗ್ಗುಲು ತಿರುಗಿಸಲು ಹೋದರೆ ಅಮ್ಮ ಕಿರುಚುವುದು, ಅವಳು ಹೆದರಿ ಕೈಬಿಡುವುದು. ನನಗೂ ಗೊತ್ತಾಗದು. ಎಲ್ಲಿಯೋ ಇಂಗ್ಲೆಂಡಿನಲ್ಲಿ ಯಾರದೋ ಅಮ್ಮನನ್ನು ನನ್ನ ಮಗಳು ಮಗ್ಗುಲು ತಿರುಗಿಸುತ್ತಾಳೆ, ನನ್ನಮ್ಮನ ಹತ್ತಿರ ನಾನು ಕೈ ಹಿಸುಕಿಕೊಂಡು ನಿಂತಿದ್ದೇನೆ. ರಾತ್ರಿ ಪುಟ್ಟಿಗೆ ವಿಡಿಯೋ ಕಾಲ್ ಮಾಡಿದೆ.

ಅವಳು ತನ್ನಪ್ಪನನ್ನೇ ಹಾಸಿಗೆ ಮೇಲೆ ಮಲಗಿಸಿ ತೋರಿಸಿದಳು. ಕೆಳಗೆ ಒಂದು ಬೆಡ್‌ಶೀಟು ಮಡಿಸಿ ಹಾಕಿ, ಮೈ ಹಿಡಿದು ಎಳೆಯಬೇಡಿ, ಶೀಟು ಹಿಡಿದು ಎಳೆಯಿರಿ. ಎರಡು ಕಾಲಿನ ಮಧ್ಯೆ ದಿಂಬು. ಹಿಮ್ಮಡಿ, ಬೆನ್ನಿನ ಕೆಳಗೆ ದಿನಾ ನೋಡಿ, ಕೆಂಪಾಗಿದ್ದರೆ ಹುಣ್ಣಾಗುವ ಮುಂಚೆ ಹೇಳಿ. ಆಮೇಲೆ ಆ ಹೆಂಗಸಿಗೆ, ‘ಅಕ್ಕಾ, ಮುಟ್ಟೋ ಮುಂಚೆ ಅಜ್ಜಿಗೆ ಹೇಳಿ. ಏನ್ ಮಾಡ್ತೀರಿ ಅಂತ ಹೇಳಿ. ಹೇಳ್ದೆ ಮುಟ್ಟಬೇಡಿ, ಅಜ್ಜಿಗೆ ಹೆದರಿಕೆ ಆಗತ್ತೆ’ ಅಂದಳು. ಅವಳು ತಲೆಯಾಡಿಸಿ, ‘ಅಮ್ಮಾ, ಈಗ ಬಲಗಡೆ ತಿರುಗಿಸ್ತೀನಿ’ ಅಂತ ಹೇಳಿ ತಿರುಗಿಸಿದಳು. ಅಮ್ಮ ಕಿರುಚಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಗೋಡೆ ಕಡೆ ಮುಖ ಮಾಡಿಕೊಂಡೇ, ‘ಇದನ್ನೇ ಏನೇ ಅವಳು ಅಲ್ಲಿ ಮಾಡೋದು?’ ಅಂದರು.

ಬೆಕ್ಕಿನ ಅಭ್ಯಾಸವೂ ಆ ಮನೆಯಿಂದಲೇ ನಡೆಯಿತು. ಫೋನಿನಲ್ಲಿ ನಾನು ಬೆಕ್ಕು ಕಳೆದುಕೊಂಡವಳು. ಪುಟ್ಟಿ ಈ ಸಲ ಮೂರು ಅಂಶ ಹೇಳಲಿಲ್ಲ. ಕೂತು, ಸತ್ತಿದೆ ಅಂತ ನೇರವಾಗಿ ಹೇಳಿ, ಆಮೇಲೆ ಸುಮ್ಮನಿದ್ದಳು. ಎಷ್ಟು ಹೊತ್ತು ಸುಮ್ಮನಿದ್ದಳೆಂದರೆ ನೆಟ್‌ವರ್ಕ್ ಹೋಯಿತೇನೋ ಅಂತ ನಾನು ಫೋನು ಅಲ್ಲಾಡಿಸಿದೆ. ‘ಇದೀನಮ್ಮಾ’ ಅಂದಳು. ಮೆಲ್ಲಗೆ, ‘ಅದರ ಹೆಸರೇನು?’ ಅಂತ ಕೇಳಿದಳು. ಇಲ್ಲದ ಬೆಕ್ಕಿಗೆ ನನ್ನ ಕಣ್ಣಲ್ಲಿ ನೀರು! ಒಳಮನೆಯಿಂದ ಅಮ್ಮ, ‘ಯಾರ ಮನೆ ಬೆಕ್ಕೇ ಸತ್ತಿದ್ದು?’ ಅಂತ ಕೂಗಿದರು.

ಇಂಟರ್‌ವ್ಯೂ ಮುಗಿದ ದಿನ ಕೇಳಿದೆ, ‘ಅಜ್ಜಿ ವಿಷಯ ಹೇಳಿದ್ಯಾ?’ ಅಂತ. ಹೇಳಿದ್ದರೆ ಒಳ್ಳೇ ಉತ್ತರ ಆಗುತ್ತಿತ್ತು ಅಂತ ನನ್ನ ಲೆಕ್ಕ. ‘ಇಲ್ಲ. ಅದು ನಮ್ಮನೇ ವಿಷಯ ಅಲ್ವಾ’ ಅಂದಳು.

ಮಾರ್ಚಿನಲ್ಲಿ ಎರಡೂ ಕಡೆಯಿಂದ ಆಫರು ಬಂತು. ಗ್ರೇಡು ಮೊದಲೇ ಬಂದಿದ್ದರಿಂದ ಷರತ್ತೂ ಇಲ್ಲ. ಮೊದಲನೆಯದು ಬಂದಾಗ ಅವಳು ಪಾಳಿಯಲ್ಲಿದ್ದಳು, ಫೋನು ಲಾಕರಿನಲ್ಲಿತ್ತು. ರಾತ್ರಿ ಕಾರು ಹತ್ತಿದ ಮೇಲೆ ನೋಡಿ, ‘ಸಿಕ್ತಮ್ಮಾ’ ಅಂದಳು. ನಾನು ಗಾಡಿ ಪಕ್ಕಕ್ಕೆ ನಿಲ್ಲಿಸಿ ಅವಳನ್ನು ತಬ್ಬಿಕೊಳ್ಳುವಷ್ಟರಲ್ಲಿ ಸೀಟಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಹನ್ನೆರಡು ಗಂಟೆ ನಿಂತ ಕಾಲು. ಮನೆಗೆ ಬಂದು ನಮ್ಮವರಿಗೆ ಹೇಳಿದರೆ ಅವರು ಸರಸರನೆ ಲ್ಯಾಪ್‌ಟಾಪು ತೆಗೆದು ಸ್ಟೂಡೆಂಟ್ ಲೋನಿನ ಲೆಕ್ಕ ಹಾಕತೊಡಗಿದರು. ವರ್ಷಕ್ಕೆ 9,535 ಪೌಂಡ್ ಫೀಸು, ಸಂಬಳ 25,000 ಪೌಂಡ್ ದಾಟಿದ ಮೇಲೆ ಅದರ ಮೇಲಿನ ಹಣದಲ್ಲಿ ನೂರಕ್ಕೆ ಒಂಬತ್ತು ಕಟ್ಟಬೇಕು, ನಲವತ್ತು ವರ್ಷ. ಖುಷಿಯಾದಾಗ ಅವರು ಯಾವಾಗಲೂ ಲೆಕ್ಕವನ್ನೇ ಹಾಕುವುದು. ಅಣ್ಣನ ಮಗನಿಗೂ ಆ ವರ್ಷ ಸೀಟಾಯಿತು, ಡೆಂಟಲ್. ಮೊದಲು ಫೋನ್ ಮಾಡಿದ್ದು ಪುಟ್ಟಿಗೇ ಅಂತೆ.

ಸೆಪ್ಟೆಂಬರಿನಲ್ಲಿ ಅವಳನ್ನು ಹಾಸ್ಟೆಲಿಗೆ ಬಿಟ್ಟು ಬಂದೆವು, ಕುಕ್ಕರು, ಸಾರಿನಪುಡಿ, ಉಪ್ಪಿನಕಾಯಿ ಸಮೇತ. ಅಮ್ಮ ಈಗ ಕೋಲು ಹಿಡಿದು ಜಗುಲಿವರೆಗೆ ಬರುತ್ತಾರೆ. ಅವತ್ತು ರಾತ್ರಿ ಫೋನ್ ಮಾಡಿದಾಗ ಊಟ, ಹಾಸಿಗೆ, ಚಳಿ ಎಲ್ಲ ವಿಚಾರಿಸಿ ಆದ ಮೇಲೆ ಅವರು ಕೇಳಿದರು, ‘ಅಲ್ಲಾ, ಇವಳು ಹೋದ ಮೇಲೆ ಅಲ್ಲಿ ಆ ಮುದುಕರನ್ನ ಯಾರೇ ನೋಡ್ಕೊಳ್ಳೋದು?’

‘ಬೇರೆ ಹುಡುಗೀರು ಇದಾರಂತಮ್ಮಾ,’ ಅಂದೆ, ‘ಇಬ್ಬರು ಕೇರಳದವರಂತೆ.’

‘ಹೇಳಿ ಮುಟ್ತಾರೇನಂತೆ?’

ಪುಟ್ಟಿಯನ್ನು ಕೇಳಿ ಹೇಳುತ್ತೇನೆ ಅಂದೆ.